ಶ್ವಾಸಕೋಶದಲ್ಲೂ ಕಾರ್ಬಾನಿಕ್ ಅನ್‌ಹೈಡ್ರೇಸ್ ಇದೆಯಾ?

ಇದೆ. ಇದು ಇಂಗಾಲದ ಡೈಆಕ್ಸೈಡ್ ಮತ್ತು ಬೈಕಾರ್ಬನೇಟ್ ಒಂದಕ್ಕೊಂದು ಬದಲಾಗೋದಕ್ಕೆ ವೇಗ ಕೊಡುವ ಕಿಣ್ವ. ಆದರೆ ಇಂಗಾಲದ ಡೈಆಕ್ಸೈಡ್ ಹೊರಹಾಕುವ ಮುಖ್ಯ ಕೆಲಸವೂ ಶ್ವಾಸಕೋಶದ ಈ ಕಿಣ್ವದ್ದೇನಾ ಅಂತ ಕೇಳಿದ್ದೀರಲ್ಲ, ಅದಕ್ಕೆ ನನ್ನ ಉತ್ತರ: ಅಲ್ಲ.

ಮೊದಲು ಸಮಯದ ಲೆಕ್ಕ ನೋಡಿ. ರಕ್ತದಲ್ಲಿ ಸಾಗುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 70% ಬೈಕಾರ್ಬನೇಟ್ ಎಂಬ ಕರಗಿದ ರೂಪದಲ್ಲಿರುತ್ತದೆ. ಅದು ಮತ್ತೆ ಅನಿಲವಾದರೆ ಮಾತ್ರ ಉಸಿರಿನಲ್ಲಿ ಹೊರಗೆ ಹೋಗಲು ಸಾಧ್ಯ. ಸುಮ್ನೆ ಕೂತಿದ್ದಾಗ ರಕ್ತವು ಗಾಳಿಚೀಲದ ಪಕ್ಕದ ಲೋಮನಾಳವನ್ನು (ಅತಿ ಸಣ್ಣ ರಕ್ತನಾಳ) ಸುಮಾರು 0.75 ಸೆಕೆಂಡಿನಲ್ಲಿ ದಾಟುತ್ತದೆ. ಓಡುವಾಗ ಇನ್ನೂ ಬೇಗ. ಕಿಣ್ವ ಇಲ್ಲದಿದ್ದರೆ ಈ ಬದಲಾವಣೆಗೆ ಹಲವು ಸೆಕೆಂಡು ಬೇಕು. ಈ ಲೆಕ್ಕ ಸರಿಹೋಗದೆಯೇ ಹುಡುಕಾಟ ಶುರುವಾಗಿ, 1933ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳಾದ ಮೆಲ್ಡ್ರಮ್ ಮತ್ತು ರೌಟನ್ ಈ ಕಿಣ್ವದ ಬಗ್ಗೆ ಬರೆದರು. ಅವರಿಗೆ ಅದು ಸಿಕ್ಕಿದ್ದು ಕೆಂಪು ರಕ್ತಕಣಗಳಲ್ಲಿ.

ಇಂದಿಗೂ ದೊಡ್ಡ ಪಾಲಿನ ಕೆಲಸ ಅಲ್ಲೇ ನಡೆಯುತ್ತದೆ. ಪ್ಲಾಸ್ಮಾದ (ರಕ್ತದ ದ್ರವಭಾಗದ) ಬೈಕಾರ್ಬನೇಟ್ ಕಣದೊಳಗೆ ಬರುತ್ತದೆ, ಬದಲಿಗೆ ಕ್ಲೋರೈಡ್ ಹೊರಗೆ ಹೋಗುತ್ತದೆ. ಈ ಕಿಣ್ವದಲ್ಲಿ ಹಲವು ಬಗೆಗಳಿವೆ; ಕಣದ ಒಳಗಿರುವ ಎರಡನೇ ಬಗೆಯ ಕಿಣ್ವ ಅದನ್ನು ಕ್ಷಣದಲ್ಲಿ ಅನಿಲವಾಗಿಸುತ್ತದೆ. ಇದರ ಒಂದೇ ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಸಲ ಕೆಲಸ ಮಾಡಬಲ್ಲದು!

ಶ್ವಾಸಕೋಶದ್ದೇ ಆದ ಕಿಣ್ವದ ವಿಷಯಕ್ಕೆ ಬಂದರೆ, ನನಗೆ ಹೆಚ್ಚು ಕುತೂಹಲ ಹುಟ್ಟಿಸೋದು ನಾಲ್ಕನೇ ಬಗೆ. ಇದು ಲೋಮನಾಳದ ಒಳಗೋಡೆಯ ಜೀವಕೋಶಗಳ ಮೇಲೆ, ರಕ್ತದ ಕಡೆಗೆ ಮುಖ ಮಾಡಿ ಅಂಟಿಕೊಂಡಿರುತ್ತದೆ. ಹಾಗಾಗಿ ಕಣದೊಳಗೆ ಹೋಗದೆ ಪ್ಲಾಸ್ಮಾದಲ್ಲೇ ಉಳಿದ ಬೈಕಾರ್ಬನೇಟನ್ನೂ ಇದು ಮುಟ್ಟಬಲ್ಲದು. ರಕ್ತಕಣಗಳೇ ಇಲ್ಲದ ದ್ರವವನ್ನು ಪ್ರಾಣಿಗಳ ಶ್ವಾಸಕೋಶದಲ್ಲಿ ಹರಿಸಿದಾಗಲೂ ಬೈಕಾರ್ಬನೇಟ್‌ನಿಂದ ಅನಿಲ ಹೊರಬಂದಿದೆ. ಅಂದರೆ ಕಿಣ್ವ ಅಲ್ಲಿ ಕೆಲಸ ಮಾಡುತ್ತದೆ ಅನ್ನೋದು ಖಚಿತ. ಆದರೆ ನಿಜವಾದ ರಕ್ತ ಹರಿಯುವಾಗ ಅದರ ಪಾಲು ಚಿಕ್ಕದು. ಬೈಕಾರ್ಬನೇಟ್ ಅನಿಲವಾಗಲು ಆಮ್ಲ ಬೇಕು; ಪ್ಲಾಸ್ಮಾದಲ್ಲಿ ಆಮ್ಲವನ್ನು ಹಿಡಿದಿಟ್ಟು ಬಿಡುವ ಶಕ್ತಿ ಕಡಿಮೆ, ಕಣದೊಳಗೆ ಹಿಮೋಗ್ಲೋಬಿನ್ ಇರೋದರಿಂದ ಅದು ಜಾಸ್ತಿ.

ಇನ್ನೊಂದು ಮಾತು. ಒಂದು ಜೀವಕೋಶದಲ್ಲಿ ಕಿಣ್ವ ತಯಾರಾಗುತ್ತದೆ ಅಂದ ಮಾತ್ರಕ್ಕೆ ಅದು ಅನಿಲವನ್ನು ಹೊರಗೆ ಎಳೆಯುತ್ತದೆ ಅಂತಲ್ಲ. ಕಿಣ್ವ ವೇಗ ಕೊಡುತ್ತದೆ, ದಿಕ್ಕು ಕೊಡೋದಿಲ್ಲ. ದಿಕ್ಕು ಬರೋದು ಒತ್ತಡದ ವ್ಯತ್ಯಾಸದಿಂದ: ಶ್ವಾಸಕೋಶಕ್ಕೆ ಬರುವ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡ ಸುಮಾರು 46 ಮಿಲಿಮೀಟರ್ ಪಾದರಸ, ಗಾಳಿಚೀಲದಲ್ಲಿ 40. ಅಂಗಾಂಶಗಳಲ್ಲಿ ಒತ್ತಡದ ವ್ಯತ್ಯಾಸ ಉಲ್ಟಾ ಇರುತ್ತದೆ, ಅದೇ ಕಿಣ್ವ ಅಲ್ಲಿ ಬೈಕಾರ್ಬನೇಟ್ ತಯಾರಿಸುತ್ತದೆ.