ಕೆಲಸ ಖಾಯಂ ಇಲ್ಲ, ಮನಸ್ಸಿಟ್ಟು ದುಡಿಯಬೇಕಾ?

ಪ್ರಶ್ನೆ: ಮಂಗಳೂರಿನ ಒಂದು ಗೋದಾಮಿನಲ್ಲಿ 6 ವರ್ಷದಿಂದ ಕಾಂಟ್ರ್ಯಾಕ್ಟ್ ಮೇಲಿದ್ದೇನೆ. ಯಾವಾಗ ತೆಗೆಯುತ್ತಾರೋ ಅನ್ನೋ ಭಯ. ಅರೆಮನಸ್ಸಿನಿಂದ ದುಡಿದರೆ ತಪ್ಪಾ?

ಉತ್ತರ: ನಿಮ್ಮ ಭಯ ನಿಜವಾದದ್ದು, ಸಹೋದರ. ಕುರ್‌ಆನಿನ 28ನೇ ಅಧ್ಯಾಯದಲ್ಲಿ ಪ್ರವಾದಿ ಮೂಸಾ ಮದ್ಯನ್ ಎಂಬ ಊರಿನಲ್ಲಿ ಕೆಲಸಕ್ಕೆ ಸೇರುವ ಪ್ರಸಂಗವಿದೆ. ಅಲ್ಲಿ ಕೆಲಸ ಕೊಡುವ ಹಿರಿಯರೊಬ್ಬರು 8 ವರ್ಷ ದುಡಿ, 10 ಪೂರ್ತಿ ಮಾಡಿದರೆ ಅದು ನಿನ್ನ ಇಷ್ಟ, ನಿನಗೆ ಕಷ್ಟ ಕೊಡುವ ಮನಸ್ಸು ನನಗಿಲ್ಲ ಎಂದು ಮೊದಲೇ ಬಿಡಿಸಿ ಹೇಳುತ್ತಾರೆ. ಇದು ಮಾಲೀಕರಿಗೆ ದೊಡ್ಡ ಪಾಠ ಅಲ್ವಾ? ಅದೇ ಪ್ರಸಂಗದಲ್ಲಿ ಅವರ ಮಗಳು ಹೇಳುವುದು, ಶಕ್ತಿವಂತನೂ ನಂಬಿಕಸ್ಥನೂ ಆದವನೇ ಒಳ್ಳೆಯ ಕೆಲಸಗಾರ ಅಂತ. ಹಾಗಾಗಿ ಅರೆಮನಸ್ಸಿನ ದುಡಿಮೆ ಬೇಡ. 83ನೇ ಅಧ್ಯಾಯ ಅಳತೆಯಲ್ಲಿ ಮೋಸ ಮಾಡುವವರನ್ನು ಎಚ್ಚರಿಸುತ್ತದೆ, ಸಂಬಳ ಪಡೆದ ಗಂಟೆಗಳೂ ಒಂದು ಅಳತೆಯೇ ಎನ್ನುವುದು ನನ್ನ ನಂಬಿಕೆ.

ಆದರೆ ಬಾಯಿ ಮುಚ್ಚಿಕೊಂಡಿರಿ ಅಂತಲ್ಲ. ಬೆವರು ಆರುವ ಮುಂಚೆ ಕೂಲಿ ಕೊಡಿ ಎಂಬ ಹದೀಸ್ (ಪ್ರವಾದಿ ಮುಹಮ್ಮದರ ಮಾತು) ಮಾಲೀಕರಿಗೇ ಹೇಳಿದ್ದು. ಭಯದಲ್ಲಿಟ್ಟು ಜಾಸ್ತಿ ಕೆಲಸ ತೆಗೆಯುವುದು ಅನ್ಯಾಯ. ಅವಧಿ, ಸಂಬಳ, ಪಿಎಫ್ ಎಲ್ಲವನ್ನೂ ಬರವಣಿಗೆಯಲ್ಲಿ ಕೇಳಿ. ಈ ವಾರವೇ ಕೇಳಿ.