ಜರ್ಮನಿಯಲ್ಲಿ ಮಕ್ಕಳಿರುವ ಮನೆಗೆ ಬೇಟೆನಾಯಿ ತರುವ ಮುಂಚೆ

ಹ್ಯಾನೋವರ್‌ಗೆ ಬಂದು ಆರು ತಿಂಗಳಾಯಿತು, ಒಂಬತ್ತರ ಮಗಳೂ ನಾಲ್ಕರ ಮಗನೂ ಪಕ್ಕದ ಮನೆಯಲ್ಲಿರುವಂಥ ಬೇಟೆನಾಯಿಯೇ ಬೇಕೆಂದು ಹಟ ಹಿಡಿದಿದ್ದಾರೆ, ಮಕ್ಕಳಿಗೆ ಅದರಿಂದ ಒಳ್ಳೆಯದಾಗುತ್ತದೆಯೇ, ಊರಿಂದ ಮುಧೋಳ ನಾಯಿ ತರಬಹುದೇ ಎಂದು ಕೇಳಿದ್ದೀರಿ. ಒಳ್ಳೆಯದಾಗುತ್ತದೆ. ಆದರೆ ಅದರ ಮೂಗಿಗೆ ದಿನಾ ಕೆಲಸ ಕೊಡಲು ಮನೆಯ ದೊಡ್ಡವರು ತಯಾರಿದ್ದರೆ ಮಾತ್ರ. ಕೆಲಸವಿಲ್ಲದ ಬೇಟೆನಾಯಿ ತಾನೇ ಕೆಲಸ ಹುಡುಕಿಕೊಳ್ಳುತ್ತದೆ: ಸೈಕಲ್ಲು, ಮೊಲ, ಓಡುವ ಮಗು, ಯಾವುದಾದರೂ ಸರಿ.

ಮೊದಲು ತಳಿ. ಡ್ರಾಟ್‌ಹಾರ್, ವೈಮರಾನರ್ ಎಂಬ ಜರ್ಮನ್ ಬೇಟೆನಾಯಿಗಳ ಮರಿಗಳನ್ನು ಇಲ್ಲಿನ ತಳಿಸಂಘದವರು ಸಾಮಾನ್ಯವಾಗಿ ಬೇಟೆ ಲೈಸೆನ್ಸ್ ಇದ್ದವರಿಗೇ ಕೊಡುವುದು. ಹೊರಗಿನವರೆಂದು ನಿಮಗೆ ಇಲ್ಲವೆನ್ನುವುದಲ್ಲ, ಜರ್ಮನರಿಗೂ ಅದೇ ಉತ್ತರ. ಕೊಡುತ್ತೇವೆಂದರೂ ಮೊದಲ ನಾಯಿಯಾಗಿ ತರಬೇಡಿ. ಲ್ಯಾಬ್ರಡಾರ್ ಕೂಡ ಬೇಟೆನಾಯಿಯೇ; ಬಿದ್ದ ಹಕ್ಕಿಯನ್ನು ಹಲ್ಲು ನಾಟಿಸದೆ ಎತ್ತಿ ತರುವುದು ಅದರ ಕಸುಬು. ಹಾಗಾಗಿ ಮಕ್ಕಳ ಕೈಗೆ ಒಗ್ಗುತ್ತದೆ. ಬೀಗಲ್ ಮುದ್ದು, ಆದರೆ ವಾಸನೆ ಹಿಡಿಯಿತೆಂದರೆ ನಿಮ್ಮ ಕೂಗು ಅದಕ್ಕೆ ಕೇಳಿಸುವುದಿಲ್ಲ. ಯಾವುದೇ ಆಗಲಿ, ತಂದೆ ತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ವರದಿ ಕೇಳಿ. ಎ ಅಥವಾ ಬಿ ದರ್ಜೆ ಇರಬೇಕು. ಆನ್‌ಲೈನ್ ಜಾಹೀರಾತಿನ ಅಗ್ಗದ ಮರಿಗಳಲ್ಲಿ ಹಲವು ಹದಿನೈದು ವಾರ ತುಂಬುವ ಮೊದಲೇ ಕಳ್ಳದಾರಿಯಲ್ಲಿ ಗಡಿ ದಾಟಿದವು. ಅವುಗಳ ತಂಟೆಗೆ ಹೋಗಬೇಡಿ.

ಲಾಭದ ಮಾತಿಗೆ ಬಂದರೆ, ಎಲ್ಲರೂ ಹೇಳುವುದು ಆರೋಗ್ಯದ್ದು. ಆರು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದ 2015ರ ಸ್ವೀಡನ್ ಅಧ್ಯಯನದಲ್ಲಿ, ಹುಟ್ಟಿದ ಮೊದಲ ವರ್ಷ ನಾಯಿಯಿದ್ದ ಮನೆಯಲ್ಲಿ ಬೆಳೆದವರಿಗೆ ಶಾಲೆಯ ವಯಸ್ಸಿನಲ್ಲಿ ಅಸ್ತಮಾ ಶೇ. 13ರಷ್ಟು ಕಡಿಮೆ ಕಂಡಿತ್ತು. ನಿಮ್ಮ ಮಕ್ಕಳು ಆ ವಯಸ್ಸು ದಾಟಿದ್ದಾರೆ, ಅದಕ್ಕಾಗಿ ನಾಯಿ ತರಬೇಕಿಲ್ಲ. ನಿಮಗೆ ದಕ್ಕುವ ಲಾಭ ಬೇರೆ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ನಾಯಿಯಿಲ್ಲದ ಮನೆಯ ಮಕ್ಕಳು ಟ್ಯಾಬ್ ಹಿಡಿದು ಸೋಫಾ ಸೇರುವ ಹೊತ್ತಿಗೆ ನಾಯಿಯಿರುವ ಮನೆಯವರು ಮಳೆಯಲ್ಲೂ ಹೊರಡಲೇಬೇಕು. ದಾರಿಯಲ್ಲಿ ಸಿಕ್ಕವರು ಮಗುವನ್ನು ಮಾತಾಡಿಸುತ್ತಾರೆ: ಹೆಸರೇನು, ವಯಸ್ಸೆಷ್ಟು, ಮುಟ್ಟಬಹುದಾ. ದಿನವೂ ಅವೇ ಪ್ರಶ್ನೆ. ತರಗತಿಯಲ್ಲಿ ಬಾಯಿ ಬಿಡದ ಮಗುವಿಗೂ ಈ ಉತ್ತರಗಳು ಜರ್ಮನ್‌ನಲ್ಲಿ ಸಲೀಸಾಗುತ್ತವೆ.

ಇದಕ್ಕಿಂತ ದೊಡ್ಡದು ತಾಳ್ಮೆ. ಅದು ಬರುವುದು ‘ಡಮ್ಮಿ’ ಆಟದಿಂದ. ಡಮ್ಮಿ ಎಂದರೆ ನಾಯಿ ಎತ್ತಿ ತರಲೆಂದು ಒಳಗೆ ತುಂಬಿಸಿ ಹೊಲಿದ ಬಟ್ಟೆಯ ಚೀಲ. ದೊಡ್ಡ ನಾಯಿಗೆ 500 ಗ್ರಾಂ, ಮರಿಗೆ 250 ಗ್ರಾಂ. ನಾಯಿಯನ್ನು ಕೂರಿಸಿ, ಹಗ್ಗ ನಿಮ್ಮ ಕೈಯಲ್ಲಿರಲಿ. ಮಗಳು ಡಮ್ಮಿ ತೋರಿಸಿ, ಹತ್ತು ಹೆಜ್ಜೆ ನಡೆದು, ಹುಲ್ಲಲ್ಲಿ ಇಟ್ಟು ವಾಪಸ್ ಬರಲಿ. ಮನಸ್ಸಿನಲ್ಲೇ ಐದು ಎಣಿಸಿ, ಮೆಲುದನಿಯಲ್ಲಿ ಒಂದೇ ಸಲ ‘ಅಪೋರ್ಟ್’ (ಎತ್ತಿ ತಾ) ಎನ್ನಲಿ. ನಾಯಿ ತಂದಾಗ ಕಿತ್ತುಕೊಳ್ಳಬಾರದು. ಅಂಗೈಯನ್ನು ಡಮ್ಮಿಯ ಕೆಳಗೆ ಒಡ್ಡಿ ‘ಔಸ್’ (ಬಿಡು) ಎಂದು, ಬಿಟ್ಟ ಕೂಡಲೇ ತಿಂಡಿ ಕೊಡಬೇಕು. ಕಿತ್ತುಕೊಂಡರೆ ಮುಂದಿನ ಸಲ ಡಮ್ಮಿ ಕಚ್ಚಿಕೊಂಡು ಓಡುವುದನ್ನು ಕಲಿಯುತ್ತದೆ. ಐದಾರು ಸುತ್ತು, ಹತ್ತು ನಿಮಿಷ, ಸಾಕು.

ಬಹಳ ಜನ ಕೆಡಿಸಿಕೊಳ್ಳುವುದು ಚೆಂಡಿನಿಂದ. ಎಸೆದ ಚೆಂಡು ನಾಯಿಯ ಕಣ್ಣಿಗೆ ಓಡುವ ಬೇಟೆ. ದಿನಕ್ಕೆ ಮೂವತ್ತು ಸಲ ಎಸೆದರೆ ಅಟ್ಟುವ ಚಟ ಗಟ್ಟಿಯಾಗುತ್ತದೆ, ಬೆಳೆಯುವ ಕೀಲುಗಳಿಗೂ ಪೆಟ್ಟು. ಎಸೆಯುವ ಬದಲು ಬಚ್ಚಿಡಿ. ನಾಲ್ಕರ ಮಗ ಮೂರು ಹೂಕುಂಡ ಬೋರಲು ಹಾಕಿ ಒಂದರ ಕೆಳಗೆ ತಿಂಡಿ ಇಡಲಿ, ನಾಯಿ ಹುಡುಕಲಿ. ಅಷ್ಟಕ್ಕೇ ಅದು ಸುಸ್ತಾಗಿ ಮಲಗುತ್ತದೆ.

ಮಗನ ವಿಷಯದಲ್ಲಿ ಒಂದು ಕಟ್ಟುನಿಟ್ಟು: ಎಷ್ಟೇ ಸಾಧು ನಾಯಿಯಾದರೂ ಅವನನ್ನು ಅದರ ಜೊತೆ ಒಂಟಿಯಾಗಿ ಬಿಡಬೇಡಿ. ಉಣ್ಣುವಾಗ, ಮಲಗಿದಾಗ ಮುಟ್ಟಕೂಡದು. ಮರಿ ದಿನಕ್ಕೆ ಹದಿನೆಂಟು ತಾಸು ನಿದ್ದೆ ಮಾಡುತ್ತದೆ, ಮಕ್ಕಳು ಅದನ್ನು ಎಬ್ಬಿಸುತ್ತಲೇ ಇದ್ದರೆ ಸಂಜೆಗೆ ಕಚ್ಚಾಟ ಶುರು. ಮುಖ ತಿರುಗಿಸುವುದು, ತುಟಿ ನೆಕ್ಕುವುದು, ಮೈ ಬಿಗಿಯುವುದು, ಆಮೇಲೆ ಗುರ್ ಎನ್ನುವುದು, ಇವೆಲ್ಲ ‘ಸಾಕು ಬಿಡು’ ಎನ್ನುವ ಸೂಚನೆ. ಗುರ್ ಎಂದದ್ದಕ್ಕೆ ಬೈದರೆ ಮುಂದೆ ಸೂಚನೆ ಕೊಡದೆ ಕಚ್ಚುತ್ತದೆ. ಹತ್ತು ಮೀಟರಿನ ಉದ್ದ ಹಗ್ಗವನ್ನು ಎದೆಪಟ್ಟಿಗೇ ಸಿಕ್ಕಿಸಿ, ಕತ್ತುಪಟ್ಟಿಗಲ್ಲ. ಓಟದ ಕೊನೆಗೆ ಬೀಳುವ ಜಗ್ಗು ಕತ್ತಿಗೆ ಅಪಾಯ. ಆ ಹಗ್ಗ ಮಕ್ಕಳ ಕೈಗೆ ಬೇಡ, ಅಂಗೈ ಸುಟ್ಟುಹೋಗುತ್ತದೆ.

ಕಾನೂನು ಬೇಗ ಹೇಳಿಬಿಡುತ್ತೇನೆ. ಬಾಡಿಗೆ ಮನೆಯೆಂದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ನಿಮ್ಮ ನೀಡರ್‌ಜಾಕ್ಸನ್ ರಾಜ್ಯದಲ್ಲಿ ಮೊದಲ ಸಲ ನಾಯಿ ಸಾಕುವವರು ತರುವ ಮುಂಚೆ ಲಿಖಿತ ಪರೀಕ್ಷೆ, ಮೊದಲ ವರ್ಷದೊಳಗೆ ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ಆರು ತಿಂಗಳಾದ ನಾಯಿಗೆ ಚರ್ಮದಡಿಯ ಗುರುತಿನ ಮೈಕ್ರೋಚಿಪ್, ಹೊಣೆಗಾರಿಕೆ ವಿಮೆ ಎರಡೂ ಕಡ್ಡಾಯ. ನಗರಸಭೆಗೆ ನಾಯಿ ತೆರಿಗೆ ಬೇರೆ. ಏಪ್ರಿಲ್ 1ರಿಂದ ಜುಲೈ 15ರವರೆಗೆ ಕಾಡು ಹೊಲಗಳಲ್ಲಿ ಹಗ್ಗ ಬಿಚ್ಚುವಂತಿಲ್ಲ, ಕಾಡುಪ್ರಾಣಿಗಳು ಮರಿ ಹಾಕುವ ಕಾಲ. ಜಿಂಕೆ ಅಟ್ಟುವ ನಾಯಿಗೆ ಗುಂಡು ಹೊಡೆಯಲು ಬೇಟೆಗಾರನಿಗೆ ಅಧಿಕಾರವಿರುವ ಸಂದರ್ಭಗಳೂ ಉಂಟು ಎಂಬುದು ನೆನಪಿರಲಿ.

ನಮ್ಮ ಅಡುಗೆಮನೆಯ ಅಪಾಯ ಜರ್ಮನ್ ಪುಸ್ತಕಗಳಲ್ಲಿ ಪೂರ್ತಿ ಸಿಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬೆಂದಿದ್ದರೂ ನಾಯಿಗೆ ವಿಷ, ಅಂದರೆ ಸಾರನ್ನ, ಹುಳಿಯನ್ನದ ತುತ್ತು ಮೇಜಿನ ಕೆಳಗೆ ಹೋಗಬಾರದು. ಪಾಯಸದ, ಕೇಸರಿಬಾತಿನ ಒಣದ್ರಾಕ್ಷಿಯಿಂದ ಕಿಡ್ನಿ ಕೆಡಬಹುದು. ಸಸ್ಯಾಹಾರಿಗಳಾದರೆ ಇನ್ನೊಂದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಿ: ಎತ್ತಿ ತರುವ ನಾಯಿ ಸತ್ತ ಪಾರಿವಾಳವನ್ನೂ ತಂದು ಮಗುವಿನ ಮುಂದಿಡುತ್ತದೆ. ಇಲಿ ತಿನ್ನುವ ಚಾಳಿಯಿದ್ದರೆ ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ ಹಾಕಿಸಿ. ನರಿಯ ಲಾಡಿಹುಳು ನಾಯಿಗೆ ಬರುವುದು ಇಲಿಯಿಂದ, ಮನುಷ್ಯರ ಲಿವರಿಗೂ ಇಳಿಯುತ್ತದೆ.

ಇನ್ನು ಮುಧೋಳ. ಅದು ಮೂಗಿಗಿಂತ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದ ಮೊಲ ಕಂಡರೆ ಹೊರಟೇಬಿಡುತ್ತದೆ, ಮೈಮೇಲೆ ಚಳಿ ತಡೆಯುವ ಕೂದಲೂ ಇಲ್ಲ. ಭಾರತದಿಂದ ತರಲು ಮೊದಲು ಚಿಪ್, ಹನ್ನೆರಡು ವಾರಕ್ಕೆ ರೇಬೀಸ್ ಲಸಿಕೆ, ಕನಿಷ್ಠ 30 ದಿನದ ಬಳಿಕ ರಕ್ತ ತೆಗೆದು ಯುರೋಪಿಯನ್ ಒಕ್ಕೂಟ ಒಪ್ಪಿದ ಲ್ಯಾಬಿಗೆ. ರಕ್ತದಲ್ಲಿ ರೇಬೀಸ್ ತಡೆಯುವ ಪ್ರತಿಕಾಯ ಮಿಲಿಲೀಟರಿಗೆ 0.5 ಯೂನಿಟ್‌ಗೆ ಕಡಿಮೆ ಇರಬಾರದು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಅಷ್ಟರಲ್ಲಿ ಮರಿಗೆ ಏಳು ತಿಂಗಳು, ಮಕ್ಕಳಿಗೆ ಹೊಂದಿಕೊಳ್ಳುವ ಎಳೆ ವಯಸ್ಸು ಕಳೆದಿರುತ್ತದೆ. ನನ್ನ ಸಲಹೆ, ಇಲ್ಲಿಯದನ್ನೇ ತನ್ನಿ. ಅದನ್ನು ರಜೆಗೆ ಊರಿಗೆ ಕರೆದೊಯ್ಯುವುದಾದರೆ ಇದೇ ರಕ್ತಪರೀಕ್ಷೆಯನ್ನು ಜರ್ಮನಿ ಬಿಡುವ ಮೊದಲೇ ಮಾಡಿಸಿ ನಾಯಿಯ ಪಾಸ್‌ಪೋರ್ಟಿನಲ್ಲಿ ಬರೆಸಿಕೊಳ್ಳಿ, ರೇಬೀಸ್ ಲಸಿಕೆಯ ಅವಧಿ ಮುಗಿಯದಂತೆ ನೋಡಿಕೊಳ್ಳಿ. ಆಗ ವಾಪಸ್ ಬರಲು ಮೂರು ತಿಂಗಳ ಕಾಯುವಿಕೆ ಇರುವುದಿಲ್ಲ.