ಸೂಪರ್‌ಸಾನಿಕ್ ಬಾಂಬರ್ ದಾರಿಯುದ್ದಕ್ಕೂ ಶಬ್ದಕ್ಕಿಂತ ವೇಗವಾಗಿ ಹಾರುತ್ತಾ?

ನೀವು ಕೇಳಿರುವುದು ಮೂರು ವಿಷಯ. ಬಿ-1ಬಿ ಬಾಂಬರ್ ಅಮೆರಿಕದಿಂದ ಇಲ್ಲಿವರೆಗೂ ಶಬ್ದಕ್ಕಿಂತ ವೇಗವಾಗಿಯೇ ಬರುತ್ತಾ? ರಷ್ಯಾದ ಟಿಯು-160ಗಿಂತ ಅದು ಯಾಕೆ ನಿಧಾನ? ಇಂಥ ವಿಮಾನ ಮೈಸೂರಿನ ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿಯಬಹುದಾ? ನಾನು ಮೈಸೂರಿನಲ್ಲಿ ಡಿಪ್ಲೊಮಾ ಮಕ್ಕಳಿಗೆ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ವಿಮಾನದ ವಿನ್ಯಾಸ ಅಂದರೆ ನನಗೆ ಪ್ರಾಣ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲನೆಯದಕ್ಕೆ ಉತ್ತರ, ಇಲ್ಲ. ಇವೆರಡೂ ದಾರಿಯ ಬಹುಪಾಲನ್ನು ಶಬ್ದಕ್ಕಿಂತ ಕಡಿಮೆ ವೇಗದಲ್ಲೇ ಕ್ರಮಿಸುತ್ತವೆ. ಶಬ್ದದ ವೇಗ ದಾಟಬೇಕಾದರೆ ಆಫ್ಟರ್‌ಬರ್ನರ್ ಹಚ್ಚಬೇಕು. ಅಂದರೆ ಎಂಜಿನ್ನಿನ ಹಿಂಭಾಗದ ಬಿಸಿ ಗಾಳಿಗೆ ಮತ್ತಷ್ಟು ಇಂಧನ ಚಿಮ್ಮಿಸಿ ಉರಿಸುವುದು. ತಳ್ಳುವ ಬಲ ಹೆಚ್ಚುತ್ತದೆ, ಆದರೆ ಇಂಧನ ಹಲವು ಪಟ್ಟು ಜಾಸ್ತಿ ಸುಡುತ್ತದೆ. ಒಮ್ಮೆ ತುಂಬಿಸಿದ ಇಂಧನದಲ್ಲಿ ಸುಮಾರು 12,000 ಕಿಲೋಮೀಟರ್ ಹಾರುತ್ತದೆ ಅನ್ನುವ ಲೆಕ್ಕವೆಲ್ಲ ನಿಧಾನದ ಹಾರಾಟದ್ದು. ಅದಕ್ಕಿಂತ ದೂರ ಹೋಗಬೇಕಾದರೆ ಟ್ಯಾಂಕರ್ ವಿಮಾನದಿಂದ ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುತ್ತವೆ. ಶಬ್ದಾತೀತ ವೇಗ ಬೇಕಾಗುವುದು ಅಪಾಯದ ಜಾಗದಲ್ಲಿ, ಸ್ವಲ್ಪ ಹೊತ್ತು ಮಾತ್ರ.

ಹಾಗಾಗಿ ಒಂದೇ ವಿಮಾನ ಎರಡು ವಿಮಾನದ ಕೆಲಸ ಮಾಡಬೇಕು. ದೂರ ಹೋಗುವುದಕ್ಕೆ, ಭಾರ ಹೊತ್ತು ಮೇಲೇಳುವುದಕ್ಕೆ ಅಗಲವಾಗಿ ಚಾಚಿದ ರೆಕ್ಕೆ ಬೇಕು. ವೇಗಕ್ಕೆ ಹಿಂದಕ್ಕೆ ಬಾಗಿದ ರೆಕ್ಕೆ ಬೇಕು. 2021ರ ಏರೋ ಇಂಡಿಯಾದಲ್ಲಿ ಯಲಹಂಕದ ಮೇಲೆ ಬಿ-1ಬಿ ನಮ್ಮ ತೇಜಸ್ ಜೊತೆ ಹಾರಿತಲ್ಲ, ಆ ವಿಡಿಯೋವನ್ನು ತರಗತಿಯಲ್ಲಿ ತೋರಿಸಿದಾಗ ಮಕ್ಕಳು ಮೊದಲು ಕೇಳಿದ್ದೂ ರೆಕ್ಕೆ ಬಗ್ಗೆಯೇ. ಅದರ ರೆಕ್ಕೆ 15 ಡಿಗ್ರಿಯಿಂದ 67.5 ಡಿಗ್ರಿವರೆಗೆ ಹಿಂದಕ್ಕೆ ಮಡಚುತ್ತದೆ. ಚಾಚಿದಾಗ ತುದಿಯಿಂದ ತುದಿಗೆ 41.8 ಮೀಟರ್, ಮಡಚಿದಾಗ 24.1 ಮೀಟರ್.

ಮಡಚಿದರೆ ಏನು ಲಾಭ? ಬಾಗಿದ ರೆಕ್ಕೆಗೆ ಗಾಳಿಯ ಪೂರ್ತಿ ವೇಗ ತಟ್ಟುವುದಿಲ್ಲ. ರೆಕ್ಕೆಯ ಮುಂದಿನ ಅಂಚಿಗೆ ನೇರವಾಗಿ ಬಡಿಯುವ ಭಾಗವೇ ಮುಖ್ಯ. 67.5 ಡಿಗ್ರಿಯ ಕೊಸೈನ್ ಸುಮಾರು 0.38. ಮ್ಯಾಕ್ 1 ಅಂದರೆ ಶಬ್ದದ ವೇಗ. ವಿಮಾನ ಮ್ಯಾಕ್ 1.25ರಲ್ಲಿ, ಅಂದರೆ ಅದರ ಒಂದೂಕಾಲು ಪಟ್ಟು ವೇಗದಲ್ಲಿ ಹೋಗುತ್ತಿದ್ದರೂ ಅಂಚಿಗೆ ನೇರವಾಗಿ ಬರುವ ಗಾಳಿ ಮ್ಯಾಕ್ 0.48 ಮಾತ್ರ. ಟಿಯು-160ರ ರೆಕ್ಕೆ 65 ಡಿಗ್ರಿಗೆ ಬಾಗುತ್ತದೆ, ಮ್ಯಾಕ್ 2ರಲ್ಲೂ ಅಂಚಿಗೆ ತಟ್ಟುವುದು ಸುಮಾರು 0.85. ಹತ್ತನೇ ಕ್ಲಾಸಿನ ತ್ರಿಕೋನಮಿತಿ ಸಾಕು, ನೀವೂ ಲೆಕ್ಕ ಹಾಕಿ ನೋಡಿ.

ಆದರೆ ಇದು ಸುಮ್ನೆ ಬರುವ ಲಾಭವಲ್ಲ. ರೆಕ್ಕೆ ತಿರುಗುವ ಕೀಲಿನ ಮೇಲೆ ಇಡೀ ವಿಮಾನದ ಭಾರ ಬೀಳುತ್ತದೆ. ಹಾಗಾಗಿ ಎರಡೂ ರೆಕ್ಕೆಗಳನ್ನು ಹಿಡಿದಿಡುವ ನಡುವಿನ ಭಾಗವನ್ನು ಇವೆರಡರಲ್ಲೂ ಟೈಟಾನಿಯಂನಲ್ಲಿ ಮಾಡಿದ್ದಾರೆ. ರಷ್ಯಾದ ಕಜಾನ್ ಕಾರ್ಖಾನೆಯವರು ಟಿಯು-160ರ ಆ ತೊಲೆಯನ್ನು ನಿರ್ವಾತದಲ್ಲಿ ಎಲೆಕ್ಟ್ರಾನ್ ಕಿರಣದಿಂದ ಬೆಸೆಯುತ್ತಾರೆ. ವೆಲ್ಡಿಂಗ್ ಕಲಿಸುವ ನನಗೆ ಆ ಕೆಲಸದ ಮೇಲೆ ತುಂಬಾ ಗೌರವ. ಇನ್ನೊಂದು ಕಷ್ಟವೂ ಇದೆ. ರೆಕ್ಕೆ ಹಿಂದಕ್ಕೆ ಹೋದರೆ ಎತ್ತುವ ಬಲವೂ ಹಿಂದಕ್ಕೆ ಸರಿಯುತ್ತದೆ, ಮೂಗು ಕೆಳಗೆ ಬಾಗುತ್ತದೆ. ಅದನ್ನು ಸರಿದೂಗಿಸಲು ಇಂಧನವನ್ನೇ ಟ್ಯಾಂಕಿನಿಂದ ಟ್ಯಾಂಕಿಗೆ ಪಂಪ್ ಮಾಡುತ್ತಾರೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಟಿಯು-160 ಮ್ಯಾಕ್ 2 ದಾಟುತ್ತದೆ, ಬಿ-1ಬಿ ಮ್ಯಾಕ್ 1.25ಕ್ಕೆ ನಿಲ್ಲುತ್ತದೆ. ಅಮೆರಿಕದವರಿಗೆ ಮಾಡಲು ಬರಲಿಲ್ಲ ಅಂತಲ್ಲ. 1974ರಲ್ಲಿ ಹಾರಿದ ಅದರ ಮೊದಲ ರೂಪ ಬಿ-1ಎ ಮ್ಯಾಕ್ 2.2ಕ್ಕೆ ವಿನ್ಯಾಸವಾಗಿತ್ತು. 1977ರಲ್ಲಿ ಅಧ್ಯಕ್ಷ ಕಾರ್ಟರ್ ಅದನ್ನು ನಿಲ್ಲಿಸಿದರು, 1981ರಲ್ಲಿ ಅಧ್ಯಕ್ಷ ರೇಗನ್ ಮತ್ತೆ ಶುರು ಮಾಡಿಸಿದರು. ಆ ಹೊತ್ತಿಗೆ, ಎತ್ತರದಲ್ಲಿ ವೇಗವಾಗಿ ಹೋದರೆ ಕ್ಷಿಪಣಿಯಿಂದ ತಪ್ಪಿಸಿಕೊಳ್ಳಬಹುದು ಅನ್ನುವ ನಂಬಿಕೆ ಹೋಗಿತ್ತು. ರಾಡಾರ್ ಕಣ್ಣಿಗೆ ಬೀಳದೆ, ನೆಲಕ್ಕೆ ಹತ್ತಿರವಾಗಿ ನುಗ್ಗುವುದೇ ದಾರಿ ಅಂದುಕೊಂಡರು.

ಜೆಟ್ ಎಂಜಿನ್ ಶಬ್ದಾತೀತ ಗಾಳಿಯನ್ನು ನುಂಗಲಾರದು. ಅದರ ಬಾಯಲ್ಲೇ ಗಾಳಿಯನ್ನು ನಿಧಾನ ಮಾಡಬೇಕು. ಮ್ಯಾಕ್ 2ಕ್ಕೆ ಅಲ್ಲಿ ಚಲಿಸುವ ಹಲಗೆಗಳು ಬೇಕು. ಬಿ-1ಬಿಯಲ್ಲಿ ಅವನ್ನು ತೆಗೆದರು. ಗಾಳಿಯ ದಾರಿಯನ್ನು ಬಾಗಿಸಿ, ಒಳಗೆ ತಡೆಹಲಗೆ ಇಟ್ಟು, ಎಂಜಿನ್ನಿನ ತಿರುಗುವ ಬ್ಲೇಡುಗಳನ್ನು ರಾಡಾರ್‌ನಿಂದ ಮರೆಮಾಡಿದರು. ಯಾಕೆಂದರೆ ಆ ಬ್ಲೇಡುಗಳು ರಾಡಾರ್ ಅಲೆಯನ್ನು ಜೋರಾಗಿ ವಾಪಸ್ ಕಳಿಸುತ್ತವೆ. ವೇಗ ಕೊಟ್ಟು ಮರೆ ಕೊಂಡುಕೊಂಡರು. ನನ್ನ ಪ್ರಕಾರ ಅದು ಸರಿಯಾದ ನಿರ್ಧಾರ.

ಬಿ-1ಬಿಯ ಮೂಗಿನ ಎರಡೂ ಕಡೆ ಪುಟ್ಟ ರೆಕ್ಕೆಗಳಿವೆ, ಫೋಟೋದಲ್ಲಿ ಗಮನಿಸಿ. ಸುಮಾರು 60 ಮೀಟರ್ ಎತ್ತರದಲ್ಲಿ ಹಾರುವಾಗ ಗಾಳಿಯ ಹೊಡೆತಕ್ಕೆ 44 ಮೀಟರ್ ಉದ್ದದ ದೇಹವೇ ಬಳುಕುತ್ತದೆ. ತುದಿಯಲ್ಲಿ ಕೂತ ನಾಲ್ವರಿಗೆ, ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸಿನ ಕೊನೆ ಸೀಟಿನಲ್ಲಿ ಕೂತಂತೆ. ಈ ಪುಟ್ಟ ರೆಕ್ಕೆಗಳು ಆ ಬಳುಕಿಗೆ ಎದುರಾಗಿ ತಾವೇ ಆಡುತ್ತಾ ಕುಲುಕಾಟ ತಗ್ಗಿಸುತ್ತವೆ. ಈ ಇಡೀ ವಿಮಾನದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಅದೇ.

ಹೊಟ್ಟೆಯೊಳಗೆ ಸುಮಾರು 34 ಟನ್ ಬಾಂಬು, ಕ್ಷಿಪಣಿ ಹೊರಬಲ್ಲದು. ಈಗ ಅದಕ್ಕೆ ಅಣ್ವಸ್ತ್ರದ ಕೆಲಸವಿಲ್ಲ. ಟಿಯು-160ಗೆ ಇನ್ನೂ ಇದೆ. ಇಲ್ಲೊಂದು ಸಂಗತಿ ಹೇಳಲೇಬೇಕು. ಸೋವಿಯತ್ ಒಡೆದಾಗ ಕೆಲವು ಟಿಯು-160 ಉಕ್ರೇನ್ ಪಾಲಿಗೆ ಉಳಿದಿದ್ದವು. 1999ರಲ್ಲಿ ಅದು ಗ್ಯಾಸ್ ಸಾಲದ ಬಾಬ್ತಿಗೆ 8 ವಿಮಾನಗಳನ್ನು ರಷ್ಯಾಗೆ ಕೊಟ್ಟಿತು. 2022ರಿಂದ ರಷ್ಯಾದ ಟಿಯು-160ಗಳು ಅದೇ ಉಕ್ರೇನಿನ ಮೇಲೆ ಕ್ಷಿಪಣಿ ಹಾರಿಸುತ್ತಿವೆ. ವಿನ್ಯಾಸವನ್ನು ಎಷ್ಟು ಮೆಚ್ಚಿಕೊಂಡರೂ ಇದು ನೆನಪಾದಾಗ ಮನಸ್ಸಿಗೆ ನೋವಾಗುತ್ತದೆ.

ಇನ್ನು ಮಂಡಕಳ್ಳಿ. ಅಲ್ಲಿನ ರನ್‌ವೇ ಸುಮಾರು 1.7 ಕಿಲೋಮೀಟರ್. ಅಲ್ಲಿಗೆ ಬರುವ ಎಟಿಆರ್-72 ಪೂರ್ತಿ ತುಂಬಿದರೂ ಸುಮಾರು 23 ಟನ್. ತುಂಬಿದ ಬಿ-1ಬಿ 216 ಟನ್, ಟಿಯು-160 ಆದರೆ 275 ಟನ್. ಇಂಧನವೆಲ್ಲ ಖಾಲಿಯಾಗಿ ಹಗುರವಾದ ವಿಮಾನವನ್ನು ಹೇಗೋ ಇಳಿಸಿದರು ಅಂತಲೇ ಇಟ್ಟುಕೊಳ್ಳಿ, ಅಷ್ಟು ಭಾರಕ್ಕೆ ಕಟ್ಟಿರದ ರನ್‌ವೇ ಹಾಳಾಗಬಹುದು. ಮತ್ತೆ ಪೂರ್ತಿ ತುಂಬಿಸಿಕೊಂಡು ಅಲ್ಲಿಂದ ಏಳುವುದಂತೂ ಆಗದ ಮಾತು.